ತೂಕ ಹೆಚ್ಚಿದ್ದರೆ ಆಪರೇಷನ್ ವೇಳೆ ಸ್ಟ್ರೋಕ್ ಆಗುತ್ತದೆಯೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ, ಅಲ್ಲಿಯವರೆಗೆ ಮುಂದೂಡಿಟ್ಟ ಆಪರೇಷನ್‌ಗಳಿಗೆ ದಿನ ಗೊತ್ತುಮಾಡುವ ಕಾಲ ಬರುತ್ತದೆ. ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆತಂಕದವು: ಮೈತೂಕ, ಆಪರೇಷನ್, ಲಕ್ವ. ಅರಿವಳಿಕೆ ತಜ್ಞರು ಮತ್ತು ನರರೋಗ ತಜ್ಞರು ಸೇರಿ ಉತ್ತರಿಸಿದ್ದಾರೆ. ಮಾತ್ರೆ ನಿಲ್ಲಿಸುವ, ಮುಂದುವರಿಸುವ ವಿಚಾರದಲ್ಲಿ ಕೊನೆಯ ಮಾತು ನಿಮ್ಮನ್ನು ಕಣ್ಣಾರೆ ಕಂಡು ಪರೀಕ್ಷಿಸಿದ ವೈದ್ಯರದ್ದೇ.

ಪ್ರಶ್ನೆ: ನಮ್ಮ ತಾಯಿಗೆ 61 ವರ್ಷ. ಎತ್ತರ 155 ಸೆಂ.ಮೀ., ತೂಕ 84 ಕೆ.ಜಿ. ಬಿಪಿ, ಶುಗರ್ ಎರಡೂ ಇವೆ. ಮಂಡಿ ಸವೆದು ತೋಟಕ್ಕೆ ಇಳಿಯಲು ಆಗುತ್ತಿಲ್ಲ. ಮೈಸೂರಿನಲ್ಲಿ ಕೀಲು ಬದಲಿ ಆಪರೇಷನ್‌ಗೆ ಮೂರು ತಿಂಗಳ ನಂತರದ ದಿನ ಕೊಟ್ಟಿದ್ದಾರೆ. "ದಪ್ಪಗಿರುವವರಿಗೆ ಆಪರೇಷನ್ ಟೇಬಲ್ ಮೇಲೇ ಸ್ಟ್ರೋಕ್ ಆಗುತ್ತದೆ, 15 ಕೆ.ಜಿ. ಇಳಿಸದೆ ಹೋಗಬೇಡಿ" ಎಂದು ನೆಂಟರೊಬ್ಬರು ಹೇಳಿದ ಮೇಲೆ ಅಮ್ಮ ರಾತ್ರಿ ಊಟ ಬಿಟ್ಟಿದ್ದಾರೆ. ಏನು ಮಾಡಲಿ?
– ಓದುಗರು, ಗೋಣಿಕೊಪ್ಪಲು

ಉತ್ತರ: ಇವತ್ತೇ ರಾತ್ರಿಯ ಊಟ ಮತ್ತೆ ಶುರು ಮಾಡಿಸಿ. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ನಡುರಾತ್ರಿ ಸಕ್ಕರೆ ಅಂಶ ಕುಸಿದು, ಬೆವರಿ, ಬಚ್ಚಲಿಗೆ ಹೋಗುವಾಗ ಬೀಳಬಹುದು. ಸದ್ಯಕ್ಕೆ ಸ್ಟ್ರೋಕ್‌ಗಿಂತ ಆ ಅಪಾಯವೇ ಹತ್ತಿರದಲ್ಲಿದೆ.

ಈಗ ಭಯದ ವಿಷಯ. ಆಪರೇಷನ್ ವೇಳೆಯಲ್ಲಿ ಅಥವಾ ಅದಾದ 30 ದಿನಗಳೊಳಗೆ ಆಗುವ ಸ್ಟ್ರೋಕನ್ನು ವೈದ್ಯರು ಒಟ್ಟಿಗೆ ಲೆಕ್ಕ ಹಾಕುತ್ತಾರೆ. ಹೃದಯ, ಮಿದುಳು ಮತ್ತು ದೊಡ್ಡ ರಕ್ತನಾಳದ ಆಪರೇಷನ್‌ಗಳನ್ನು ಬಿಟ್ಟರೆ, ಉಳಿದವುಗಳಲ್ಲಿ ಇದು ಸಾವಿರಕ್ಕೆ 1ರಿಂದ 10 ಮಂದಿಗೆ ಆಗುತ್ತದೆ. ಹೆಚ್ಚಿನವು ಟೇಬಲ್ ಮೇಲೆ ಆಗುವುದಿಲ್ಲ, ವಾರ್ಡಿಗೆ ಬಂದ ಮೇಲಿನ ದಿನಗಳಲ್ಲಿ ಆಗುತ್ತವೆ. ಬಹುತೇಕ ಎಲ್ಲವೂ ರಕ್ತ ಹೆಪ್ಪುಗಟ್ಟಿ ಮಿದುಳಿನ ನಾಳ ಮುಚ್ಚಿಕೊಳ್ಳುವುದರಿಂದ ಬರುವಂಥವು, ರಕ್ತಸ್ರಾವದಿಂದ ಬರುವುದು ತೀರಾ ಕಡಿಮೆ. ಗಾಯ ಮಾಯಲೆಂದು ದೇಹವು ಆಪರೇಷನ್ ನಂತರ ರಕ್ತವನ್ನು ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ತರುತ್ತದೆ. ಅದೇ ಹೊತ್ತಿಗೆ ರಕ್ತ ತೆಳುವಾಗಿಸುವ ಮಾತ್ರೆ ನಿಂತಿರುತ್ತದೆ, ನೀರು ಸಾಕಷ್ಟು ಒಳಗೆ ಹೋಗಿರುವುದಿಲ್ಲ, ಬಿಪಿ ಏರಿಳಿಯುತ್ತಿರುತ್ತದೆ, ಕೆಲವರಿಗೆ ಹೃದಯದ ಬಡಿತ ತಾಳ ತಪ್ಪುತ್ತದೆ. ಇವೆಲ್ಲ ಒಂದೇ ವಾರದಲ್ಲಿ ಕೂಡಿ ಬರುವುದೇ ತೊಂದರೆಯ ಮೂಲ.

ತೂಕದ ಪಾತ್ರ ಇಲ್ಲಿ ಎಷ್ಟು? ಬಿಎಂಐ ಎಂದರೆ ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವುದು. ನಿಮ್ಮ ತಾಯಿಯವರದ್ದು 84 ಭಾಗಿಸು 2.40, ಅಂದರೆ 35. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ. ಹಾಗಾಗಿ 35 ಖಂಡಿತ ಹೆಚ್ಚೇ. ಆದರೂ 2011ರಲ್ಲಿ ಪ್ರಕಟವಾದ, ಅಮೆರಿಕದ 5 ಲಕ್ಷಕ್ಕೂ ಹೆಚ್ಚು ರೋಗಿಗಳ ಮಾಹಿತಿ ನೋಡಿದ ಅಧ್ಯಯನದಲ್ಲಿ ಆಪರೇಷನ್ ಸುತ್ತಲಿನ ಸ್ಟ್ರೋಕ್‌ಗೆ ಕಾರಣಗಳಾಗಿ ಎದ್ದು ಕಂಡದ್ದು ಬೇರೆಯವು: 62 ದಾಟಿದ ವಯಸ್ಸು, ಹಿಂದೆ ಆದ ಸ್ಟ್ರೋಕ್ ಅಥವಾ ಕೆಲವೇ ನಿಮಿಷ ಬಂದು ಹೋದ ಮಿನಿ ಸ್ಟ್ರೋಕ್, 6 ತಿಂಗಳೊಳಗಿನ ಹೃದಯಾಘಾತ, ಮೂತ್ರಪಿಂಡದ ವೈಫಲ್ಯ, ಬಿಪಿ, ದೀರ್ಘಕಾಲದ ಶ್ವಾಸಕೋಶ ಕಾಯಿಲೆ, ಧೂಮಪಾನ. ಬಿಎಂಐ 35ರಿಂದ 40ರ ನಡುವೆ ಇದ್ದವರಲ್ಲಿ ಸ್ಟ್ರೋಕ್ ಕಡಿಮೆಯೇ ಕಂಡಿತ್ತು.

ಇದನ್ನು ಓದಿ ಕೊಬ್ಬು ಮಿದುಳನ್ನು ಕಾಯುತ್ತದೆ ಎಂದುಕೊಳ್ಳಬಾರದು. ತುಂಬಾ ದಪ್ಪಗಿರುವ, ಜೊತೆಗೆ ಹೃದಯವೂ ಕೆಟ್ಟಿರುವ ರೋಗಿಗೆ ಶಸ್ತ್ರವೈದ್ಯರು ಆಪರೇಷನ್ನೇ ಬೇಡ ಎನ್ನುತ್ತಾರೆ. ಲೆಕ್ಕಕ್ಕೆ ಸಿಗುವ ದಪ್ಪಗಿನವರು ಅಷ್ಟರಮಟ್ಟಿಗೆ ಗಟ್ಟಿಮುಟ್ಟಾದವರು. ಸಣಕಲಾಗಿರುವವರಲ್ಲಿ ಹಲವರು ಕಾಯಿಲೆಯಿಂದಲೇ ಸೊರಗಿದವರು. ನಮ್ಮ ಅಭಿಪ್ರಾಯ ಸ್ಪಷ್ಟ: ಜೀವನಪೂರ್ತಿಯ ಲೆಕ್ಕದಲ್ಲಿ ಬೊಜ್ಜು ಸ್ಟ್ರೋಕ್‌ನ ಅಪಾಯ ಹೆಚ್ಚಿಸುತ್ತದೆ, ಅನುಮಾನವೇ ಇಲ್ಲ. ಆಪರೇಷನ್‌ನ ಆ ಒಂದು ತಿಂಗಳ ಲೆಕ್ಕದಲ್ಲಿ ಮಾತ್ರ ತಕ್ಕಡಿಯ ಅಂಕಿಗಿಂತ ಬೊಜ್ಜಿನ ಜೊತೆ ಬರುವ ಬಿಪಿ, ಶುಗರ್, ನಿದ್ದೆಯಲ್ಲಿ ಉಸಿರು ಕಟ್ಟುವಿಕೆ, ಹೃದಯದ ತಾಳ ತಪ್ಪುವಿಕೆ, ಕಾಲಿನ ನಾಳದ ಹೆಪ್ಪು ಇವೇ ಮುಖ್ಯ. ಮೂರು ತಿಂಗಳಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಹಿಡಿತಕ್ಕೆ ತರಬಹುದು.

ಬಿಪಿಯಿಂದ ಶುರು ಮಾಡಿ. ವಾರಕ್ಕೆರಡು ದಿನ, ಬೆಳಿಗ್ಗೆ ಮಾತ್ರೆಗೆ ಮೊದಲು, ಐದು ನಿಮಿಷ ಸುಮ್ಮನೆ ಕೂತ ನಂತರ ಅಳೆದು ಬರೆದಿಡಿ. ಆಪರೇಷನ್‌ಗೆ ಮುಂಚಿನ ತಿಂಗಳುಗಳಲ್ಲಿ 160/100ರ ಒಳಗೆ ಇದ್ದರೆ ಹೆಚ್ಚಿನ ಕಡೆ ಒಪ್ಪುತ್ತಾರೆ, 140/90ರ ಒಳಗಿದ್ದರೆ ಇನ್ನೂ ಒಳ್ಳೆಯದು. ಹಿಂದಿನ ವಾರ ಗಾಬರಿಯಿಂದ ಡೋಸ್ ಏರಿಸಿ ಬಿಪಿಯನ್ನು ಒಮ್ಮೆಲೇ ಇಳಿಸುವುದು ತಪ್ಪು. ವರ್ಷಗಟ್ಟಲೆ ಹೆಚ್ಚು ಒತ್ತಡಕ್ಕೆ ಒಗ್ಗಿದ ಮಿದುಳಿನ ನಾಳಗಳಿಗೆ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಕೆಲವು ವಾರ ಬೇಕು.

ಎಚ್‌ಬಿಎ1ಸಿ ಎಂಬ ಶುಗರ್ ಪರೀಕ್ಷೆ ಈಗಲೇ ಮಾಡಿಸಿ. 8ರ ಒಳಗಿದ್ದರೆ ಚೆನ್ನ, 8.5 ದಾಟಿದ್ದರೆ ಆಪರೇಷನ್ ಮುಂದೂಡಿ ಶುಗರ್ ಸರಿಪಡಿಸಬೇಕಾಗಬಹುದು. ಈ ಪರೀಕ್ಷೆ ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಕೊನೆಯ ವಾರದ ಪಥ್ಯ ಇದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹಿಮೋಗ್ಲೋಬಿನ್ ಕೂಡ ನೋಡಿಸಿ. ರಕ್ತಹೀನತೆ ಇದ್ದರೆ ಕಬ್ಬಿಣಾಂಶದ ಚಿಕಿತ್ಸೆಗೆ ಈಗ ಸಮಯವಿದೆ, ಆಪರೇಷನ್ ಹಿಂದಿನ ದಿನ ಇರುವುದಿಲ್ಲ.

ತೂಕವನ್ನೂ ಇಳಿಸಿ, ಆದರೆ 15 ಕೆ.ಜಿ. ಅಲ್ಲ. ವಾರಕ್ಕೆ ಅರ್ಧ ಕೆ.ಜಿ.ಯಂತೆ 12 ವಾರದಲ್ಲಿ 5-6 ಕೆ.ಜಿ. ಇಳಿದರೆ ಬಿಪಿ, ಶುಗರ್ ಎರಡರಲ್ಲೂ ವ್ಯತ್ಯಾಸ ಕಾಣುತ್ತದೆ. ಉಪವಾಸದಿಂದ ಬೇಗ ಇಳಿಯುವ ತೂಕದಲ್ಲಿ ನೀರು ಮತ್ತು ಸ್ನಾಯುವಿನ ಪಾಲು ದೊಡ್ಡದು. ತೊಡೆಯ ಸ್ನಾಯು ಕರಗಿದರೆ ಹೊಸ ಮಂಡಿ ಹಾಕಿಸಿಯೂ ಎದ್ದು ನಿಲ್ಲುವುದು ತಡವಾಗುತ್ತದೆ. ಹಾಸಿಗೆ ಹಿಡಿದಷ್ಟೂ ಹೆಪ್ಪಿನ ಅಪಾಯ ಹೆಚ್ಚು. ಹಾಗಾಗಿ ಅಕ್ಕಿರೊಟ್ಟಿ ಮೂರಿದ್ದರೆ ಒಂದೂವರೆ ಮಾಡಿ, ಕಡಂಬುಟ್ಟು ನಾಲ್ಕಿದ್ದರೆ ಎರಡು ಮಾಡಿ, ತಟ್ಟೆಯಲ್ಲಿ ಖಾಲಿಯಾದ ಜಾಗಕ್ಕೆ ಸೊಪ್ಪು, ಕಾಳು, ಮೀನು ಬರಲಿ. ಮೂತ್ರಪಿಂಡ ಸರಿಯಿದ್ದರೆ ದಿನಕ್ಕೆ 60 ಗ್ರಾಂ ಆಸುಪಾಸು ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ, ಉಳಿದದ್ದನ್ನು ಬೇಳೆ, ಮೊಸರು, ಮೀನು, ಕೋಳಿಯಿಂದ ತುಂಬಿಸಿ. ಹಂದಿ ಮಾಂಸ ಬಿಡಲೇಬೇಕೆಂದಿಲ್ಲ, ಕೊಬ್ಬಿನ ತುಂಡು ತೆಗೆದಿಟ್ಟು ಮಾಂಸದ ತುಂಡು ಹಾಕಿಕೊಡಿ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಟೀ ಚಮಚ, ಎಲ್ಲ ಅಡುಗೆ ಸೇರಿ. ನಮ್ಮ ಮನೆಗಳಲ್ಲಿ ಈ ಲೆಕ್ಕ ತಪ್ಪಿಸುವುದು ಉಪ್ಪಿನಕಾಯಿ ಮತ್ತು ಒಣಮೀನು.

ನಡೆಯಲು ನೋವಿದ್ದರೆ ಕುರ್ಚಿಯಲ್ಲಿ ಕೂತು ಮಂಡಿ ನೇರ ಮಾಡಿ, ಹತ್ತು ಎಣಿಸಿ ಇಳಿಸಲಿ. ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಇದು ತೂಕಕ್ಕಲ್ಲ, ತೊಡೆಗೆ.

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ, 172 ಸೆಂ.ಮೀ., 104 ಕೆ.ಜಿ. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಬೇಕು. ಗೊರಕೆ ವಿಪರೀತ, ನಡುವೆ ಉಸಿರು ನಿಂತಂತಾಗಿ ತಟ್ಟನೆ ಎಚ್ಚರಾಗುತ್ತಾರೆ. ಮನೆಯ ಮಿಷನ್‌ನಲ್ಲಿ ಬಿಪಿ 170 ತೋರಿಸುತ್ತದೆ, ಕ್ಲಿನಿಕ್‌ನಲ್ಲಿ 148. ಯಾವುದು ನಿಜ?
– ಓದುಗರು, ಸೋಮವಾರಪೇಟೆ

ಉತ್ತರ: ಮಿಷನ್‌ನ ತೋಳಿಗೆ ಸುತ್ತುವ ಪಟ್ಟಿಯನ್ನು ನೋಡಿ. ಮನೆಗೆ ಕೊಳ್ಳುವ ಹೆಚ್ಚಿನ ಮಿಷನ್‌ಗಳ ಜೊತೆ ಮಧ್ಯಮ ಅಳತೆಯ ಪಟ್ಟಿ ಬರುತ್ತದೆ. ಹೆಗಲು ಮತ್ತು ಮೊಣಕೈ ನಡುವಿನ ಭಾಗದಲ್ಲಿ ತೋಳಿನ ಸುತ್ತಳತೆಯನ್ನು ಟೈಲರ್ ಟೇಪಿನಿಂದ ಅಳೆಯಿರಿ. 27ರಿಂದ 34 ಸೆಂ.ಮೀ. ಇದ್ದರೆ ಸಾಮಾನ್ಯ ಪಟ್ಟಿ, 35ರಿಂದ 44 ಇದ್ದರೆ ದೊಡ್ಡ ಪಟ್ಟಿ ಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ನಾಳವನ್ನು ಒತ್ತಲು ಹೆಚ್ಚು ಗಾಳಿ ಬೇಕಾಗಿ, ಇಲ್ಲದ ಬಿಪಿ ಇದೆ ಎಂದು ತೋರಿಸುತ್ತದೆ. ಪಟ್ಟಿಯ ಒಳಗಿನ ಗಾಳಿಚೀಲ ತೋಳನ್ನು ಕನಿಷ್ಠ ಮುಕ್ಕಾಲು ಪಾಲಿಗಿಂತ ಹೆಚ್ಚು ಸುತ್ತಿರಬೇಕು, ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲೆ ಇರಬೇಕು, ಅಂಗಿಯ ತೋಳಿನ ಮೇಲೆ ಕಟ್ಟಬಾರದು. ಸರಿಯಾದ ಪಟ್ಟಿಯಲ್ಲಿ ಅಳೆದ ಅಂಕಿಯನ್ನೇ ನಂಬಿ. ತಪ್ಪು ಅಂಕಿ ನಂಬಿ ಮಾತ್ರೆ ಹೆಚ್ಚಿಸಿದ್ದರೆ ಅರಿವಳಿಕೆ ಕೊಟ್ಟೊಡನೆ ಬಿಪಿ ಜರ್ರನೆ ಇಳಿಯುತ್ತದೆ. ಕುತ್ತಿಗೆಯ ನಾಳ ಮೊದಲೇ ಕಿರಿದಾಗಿರುವವರಿಗೆ ಅದು ಒಳ್ಳೆಯದಲ್ಲ.

ಗೊರಕೆಯ ವಿಷಯ ಇದಕ್ಕಿಂತ ದೊಡ್ಡದು. ನೀವು ವಿವರಿಸಿದ್ದು ನಿದ್ದೆಯಲ್ಲಿ ಉಸಿರುಕಟ್ಟುವ ಕಾಯಿಲೆಯ ಲಕ್ಷಣ. ಅರಿವಳಿಕೆಗೆ ಮುಂಚೆ ಎಂಟು ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತೇವೆ: ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಬೇರೆಯವರು ಕಂಡಿರುವುದು, ಬಿಪಿ, ಬಿಎಂಐ 35ಕ್ಕಿಂತ ಹೆಚ್ಚು, ವಯಸ್ಸು 50 ದಾಟಿರುವುದು, ಕತ್ತಿನ ಸುತ್ತಳತೆ 40 ಸೆಂ.ಮೀ.ಗಿಂತ ಹೆಚ್ಚು, ಗಂಡಸಾಗಿರುವುದು. ಒಂದೊಂದಕ್ಕೆ ಒಂದು ಅಂಕ. ಐದು ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು. ಕತ್ತು ಅಳೆಯದೆಯೇ, ಹಗಲಿನ ಸುಸ್ತು ಕೇಳದೆಯೇ ನಿಮ್ಮ ಯಜಮಾನರಿಗೆ ಆರು ಅಂಕ ಬರುತ್ತದೆ, ಬಿಎಂಐ 35ನ್ನು ಕೂದಲೆಳೆಯಷ್ಟು ದಾಟಿದೆ.

ರಾತ್ರಿ ನೂರಾರು ಸಲ ಆಮ್ಲಜನಕ ಇಳಿದು ಏರುವುದರಿಂದ ಬಿಪಿ ಮಾತ್ರೆಗೆ ಜಗ್ಗುವುದಿಲ್ಲ, ಹೃದಯದ ಮೇಲಿನ ಕೋಣೆ ಹಿಗ್ಗಿ ಬಡಿತದ ತಾಳ ತಪ್ಪುತ್ತದೆ. ಹೀಗೆ ತಾಳ ತಪ್ಪಿದ ಕೋಣೆಯಲ್ಲಿ ನಿಂತ ರಕ್ತ ಹೆಪ್ಪಾಗಿ ಮಿದುಳಿಗೆ ಹೋಗುವುದು ಸ್ಟ್ರೋಕ್‌ನ ದೊಡ್ಡ ದಾರಿ. ಆಪರೇಷನ್ ನಂತರ ನೋವಿಗೆ ಕೊಡುವ ಮಾರ್ಫಿನ್ ಜಾತಿಯ ಔಷಧಿಗಳು ಉಸಿರುಕಟ್ಟುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಆದ್ದರಿಂದ ಆಪರೇಷನ್‌ಗೆ ಮೊದಲು ನಿದ್ದೆ ಪರೀಕ್ಷೆ ಸಾಧ್ಯವೇ ಕೇಳಿ. ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಊದುವ ಸಿಪ್ಯಾಪ್ ಮಿಷನ್ ಬರೆದುಕೊಟ್ಟರೆ ಕೆಲವು ವಾರ ಬಳಸಿ ಅಭ್ಯಾಸ ಮಾಡಿಕೊಂಡು, ಆಸ್ಪತ್ರೆಗೆ ಹೋಗುವಾಗ ಮಾಸ್ಕ್ ಸಮೇತ ಒಯ್ಯಿರಿ. ಪರೀಕ್ಷೆಗೆ ಸಮಯವಿಲ್ಲದಿದ್ದರೆ ನಿಮ್ಮ ಪತ್ರದ ಗೊರಕೆಯ ಸಾಲನ್ನು ಅರಿವಳಿಕೆ ತಜ್ಞರಿಗೆ ಹಾಗೇ ಹೇಳಿ. ತಲೆ ಕಡೆ ಎತ್ತರಿಸಿದ ಹಾಸಿಗೆ, ರಾತ್ರಿಯಿಡೀ ಆಮ್ಲಜನಕದ ನಿಗಾ, ಮಾರ್ಫಿನ್ ಜಾತಿಯಲ್ಲದ ನೋವಿನ ಔಷಧಿ ಇವನ್ನೆಲ್ಲ ಅವರು ಮೊದಲೇ ಏರ್ಪಡಿಸುತ್ತಾರೆ.

ಸಂಜೆ ಕುಡಿಯುವ ಅಭ್ಯಾಸವಿದ್ದರೆ ಎಷ್ಟು ಪೆಗ್ ಎಂಬುದನ್ನೂ ನಿಜವಾಗಿ ಹೇಳಲಿ. ದಿನಾ ಕುಡಿಯುವವರು ಆಸ್ಪತ್ರೆ ಸೇರಿ ಒಮ್ಮೆಗೇ ಬಿಟ್ಟರೆ ಎರಡು-ಮೂರನೇ ದಿನ ನಡುಕ, ಗಲಿಬಿಲಿ, ಏರಿದ ಬಿಪಿ ಕಾಣಿಸಿಕೊಳ್ಳುತ್ತವೆ. ಮೊದಲೇ ಗೊತ್ತಿದ್ದರೆ ಔಷಧಿ ಕೊಟ್ಟು ತಡೆಯಬಹುದು.

ಪ್ರಶ್ನೆ: ನನಗೆ 66, ತೂಕ 92 ಕೆ.ಜಿ. ಹೃದಯದ ಬಡಿತ ತಾಳ ತಪ್ಪಿದೆ ಎಂದು ರಕ್ತ ತೆಳುವಾಗಿಸುವ ಅಸಿಟ್ರೋಮ್ ಕೊಟ್ಟಿದ್ದಾರೆ. ಜೊತೆಗೆ ಮೆಟೊಪ್ರೊಲಾಲ್, ಟೆಲ್ಮಿಸಾರ್ಟಾನ್, ಕೊಲೆಸ್ಟ್ರಾಲ್ ಮಾತ್ರೆ. ಹರ್ನಿಯಾ ಆಪರೇಷನ್ ಇದೆ. ಒಂದು ವಾರ ಮೊದಲೇ ಎಲ್ಲ ಮಾತ್ರೆ ನಿಲ್ಲಿಸಿ ಎಂದು ಪರಿಚಯದವರು ಹೇಳುತ್ತಾರೆ.
– ಓದುಗರು, ಕುಶಾಲನಗರ

ಉತ್ತರ: ಹಾಗೆ ಮಾಡಲೇಬೇಡಿ. ನಿಮ್ಮ ಪಟ್ಟಿಯ ನಾಲ್ಕು ಮಾತ್ರೆಗಳಿಗೂ ಒಂದೇ ನಿಯಮವಿಲ್ಲ.

ಮೆಟೊಪ್ರೊಲಾಲ್ ಆಪರೇಷನ್ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ಮುಂದುವರಿಯುತ್ತದೆ. ತಟ್ಟನೆ ನಿಲ್ಲಿಸಿದರೆ ಹೃದಯ ಓಡತೊಡಗುತ್ತದೆ. ಇದೇ ಮಾತ್ರೆಯನ್ನು ಹಿಂದೆ ತೆಗೆದುಕೊಳ್ಳದವರಿಗೆ ಆಪರೇಷನ್ ದಿನ ಹೊಸದಾಗಿ ದೊಡ್ಡ ಡೋಸಿನಲ್ಲಿ ಶುರು ಮಾಡುವುದು ಮಾತ್ರ ತಪ್ಪು. 2008ರಲ್ಲಿ ಪ್ರಕಟವಾದ, 8,351 ರೋಗಿಗಳ ಪಾಯ್ಸ್ ಅಧ್ಯಯನದಲ್ಲಿ ಹಾಗೆ ಕೊಟ್ಟಾಗ ಹೃದಯಾಘಾತ ಕಡಿಮೆಯಾದರೂ ಸ್ಟ್ರೋಕ್ ಶೇ. 0.5ರಿಂದ ಶೇ. 1ಕ್ಕೆ ಏರಿತು. ಕೊಲೆಸ್ಟ್ರಾಲ್‌ನ ಸ್ಟಾಟಿನ್ ಮಾತ್ರೆಯೂ ಒಂದು ದಿನವೂ ತಪ್ಪದೆ ಮುಂದುವರಿಯಲಿ. ಟೆಲ್ಮಿಸಾರ್ಟಾನನ್ನು ಸಾಮಾನ್ಯವಾಗಿ ಕೊನೆಯ 24 ಗಂಟೆ ಬಿಡಿಸುತ್ತಾರೆ, ಅರಿವಳಿಕೆಯಲ್ಲಿ ಬಿಪಿ ಅತಿಯಾಗಿ ಇಳಿಯದಿರಲಿ ಎಂದು.

ಅಸಿಟ್ರೋಮ್ ನಿಲ್ಲಿಸುವುದು ಸಾಮಾನ್ಯವಾಗಿ 3 ದಿನ ಮೊದಲು, ಅದೇ ಜಾತಿಯ ವಾರ್ಫರಿನ್ ಆದರೆ 5 ದಿನ. ಹಿಂದಿನ ದಿನ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಅಂಕಿ 1.5ರ ಒಳಗೆ ಬಂದಿದೆಯೇ ನೋಡುತ್ತಾರೆ. ನಡುವಿನ ದಿನಗಳಿಗೆ ಹೊಟ್ಟೆಗೆ ಚುಚ್ಚುವ ಹೆಪಾರಿನ್ ಬೇಕೇ ಎಂದರೆ, ತಾಳ ತಪ್ಪಿದ ಬಡಿತಕ್ಕಾಗಿ ಮಾತ್ರ ಈ ಮಾತ್ರೆ ತೆಗೆದುಕೊಳ್ಳುವ ಹೆಚ್ಚಿನವರಿಗೆ ಬೇಡ. ಅದರಿಂದ ಸ್ಟ್ರೋಕ್ ತಪ್ಪುವುದಿಲ್ಲ, ರಕ್ತಸ್ರಾವ ಹೆಚ್ಚುತ್ತದೆ ಎಂದು 2015ರ ಬ್ರಿಡ್ಜ್ ಅಧ್ಯಯನ ತೋರಿಸಿದೆ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರ ಲೆಕ್ಕ ಬೇರೆ, ಅವರಿಗೆ ಹಲವು ಸಲ ಹೆಪಾರಿನ್ ಬೇಕಾಗುತ್ತದೆ.

ನಿಲ್ಲಿಸಿದ್ದಕ್ಕಿಂತ ಹೆಚ್ಚು ಅನಾಹುತವಾಗುವುದು ಮತ್ತೆ ಶುರು ಮಾಡಲು ಮರೆಯುವುದರಿಂದ. ಡಿಸ್ಚಾರ್ಜ್ ಚೀಟಿಯಲ್ಲಿ "ಅಸಿಟ್ರೋಮ್ ಮತ್ತೆ ಶುರು: ಇಂಥ ದಿನಾಂಕ, ಇಷ್ಟು ಮಿ.ಗ್ರಾಂ., ಐಎನ್‌ಆರ್ ಪರೀಕ್ಷೆ ಇಂಥ ದಿನ" ಎಂದು ಬರೆಸಿಕೊಳ್ಳದೆ ವಾರ್ಡಿನಿಂದ ಹೊರಡಬೇಡಿ.

ಪ್ರಶ್ನೆ: ಅಣ್ಣನಿಗೆ ಎರಡು ತಿಂಗಳ ಹಿಂದೆ ಸಣ್ಣ ಸ್ಟ್ರೋಕ್ ಆಗಿ ಚೇತರಿಸಿಕೊಂಡಿದ್ದಾನೆ. ಮುಂದಿನ ತಿಂಗಳೇ ಮಂಡಿ ಆಪರೇಷನ್ ಮಾಡಿಸಬಹುದೇ?
– ಓದುಗರು, ಶನಿವಾರಸಂತೆ

ಉತ್ತರ: ಬೇಡ. ಕಾಯಬಹುದಾದ ಆಪರೇಷನ್‌ಗಳನ್ನು ಸ್ಟ್ರೋಕ್ ಆದ ಮೇಲೆ ಕನಿಷ್ಠ 3 ತಿಂಗಳು ಮುಂದೂಡಬೇಕು. ಹಲವು ತಜ್ಞರು 6ರಿಂದ 9 ತಿಂಗಳು ಕಾಯಲು ಹೇಳುತ್ತಾರೆ, ಮಂಡಿಯ ವಿಷಯದಲ್ಲಿ ನಮ್ಮ ಒಲವೂ ಅದರ ಕಡೆಗೇ. ಪೆಟ್ಟು ತಿಂದ ಮಿದುಳಿನ ಭಾಗಕ್ಕೆ ರಕ್ತದ ಒತ್ತಡ ಏರಿಳಿದಾಗ ತನ್ನ ಪಾಲಿನ ರಕ್ತವನ್ನು ತಾನೇ ಸರಿದೂಗಿಸಿಕೊಳ್ಳುವ ಶಕ್ತಿ ಇಷ್ಟು ಬೇಗ ಮರಳಿರುವುದಿಲ್ಲ. ಈ ಮಾತಿಗೂ ಅಣ್ಣನ ತೂಕಕ್ಕೂ ಸಂಬಂಧವಿಲ್ಲ. ಕ್ಯಾನ್ಸರ್, ಮುರಿದ ಸೊಂಟ, ಕರುಳು ಕಟ್ಟಿಕೊಂಡದ್ದು ಇಂಥವು ಕಾಯುವುದಿಲ್ಲ, ಅಲ್ಲಿ ನಿರ್ಧಾರವೇ ಬೇರೆ.

ಪ್ರಶ್ನೆ: ಕರಿಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಬಲಭುಜದ ಸ್ನಾಯು ಹರಿದಿದೆ. ತೂಕ 96 ಕೆ.ಜಿ., ಬಿಪಿ ಇದೆ. ಕೂರಿಸಿಕೊಂಡು ಆಪರೇಷನ್ ಮಾಡುತ್ತಾರಂತೆ. ಕೂತಾಗ ಮಿದುಳಿಗೆ ರಕ್ತ ಹೋಗುವುದಿಲ್ಲ ಎಂದು ಕೇಳಿದೆ.
– ಓದುಗರು, ನಾಪೋಕ್ಲು

ಉತ್ತರ: ಹೋಗುವುದಿಲ್ಲ ಎಂಬುದು ತಪ್ಪು, ಒತ್ತಡ ಕಡಿಮೆಯಾಗುತ್ತದೆ ಎಂಬುದು ಸರಿ. ಆರಾಮ ಕುರ್ಚಿಯ ಭಂಗಿಯಲ್ಲಿ ಕೂರಿಸಿದಾಗ ಬಿಪಿ ಪಟ್ಟಿ ತೋಳಿನಲ್ಲಿರುತ್ತದೆ, ಮಿದುಳು ಅದಕ್ಕಿಂತ ಮೇಲಿರುತ್ತದೆ. ಪ್ರತಿ 1 ಸೆಂ.ಮೀ. ಎತ್ತರಕ್ಕೆ ಒತ್ತಡ 0.77 ಮಿ.ಮೀ. ಇಳಿಯುತ್ತದೆ. 20 ಸೆಂ.ಮೀ. ವ್ಯತ್ಯಾಸವಿದ್ದರೆ ಸುಮಾರು 15. ಅಂದರೆ ತೋಳಿನಲ್ಲಿ ಸರಾಸರಿ ಒತ್ತಡ 70 ಕಂಡರೆ ಮಿದುಳಿನ ಬಳಿ 55 ಮಾತ್ರ. ಪಟ್ಟಿಯನ್ನು ಕಾಲಿಗೆ ಕಟ್ಟಿ ಆ ಅಂಕಿಯನ್ನೇ ನಂಬಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಬಿಪಿ ಇರುವವರಿಗೆ ಇದು ಮುಖ್ಯ, ಏಕೆಂದರೆ ಅವರ ಮಿದುಳು ಹೆಚ್ಚಿನ ಒತ್ತಡಕ್ಕೆ ಒಗ್ಗಿಕೊಂಡಿರುತ್ತದೆ.

ಅರಿವಳಿಕೆ ತಜ್ಞರಿಗೆ ಇದು ಗೊತ್ತಿರುವ ವಿಷಯವೇ. ನಿಧಾನಕ್ಕೆ ಕೂರಿಸುತ್ತಾರೆ, ಮಿದುಳಿನ ಮಟ್ಟದ ಲೆಕ್ಕ ಹಿಡಿದು ಒತ್ತಡ ಕಾಯುತ್ತಾರೆ, ತಲೆ ಒಂದು ಪಕ್ಕಕ್ಕೆ ತಿರುಚದಂತೆ ಕಟ್ಟುತ್ತಾರೆ. ನಿಮ್ಮ ಪಾಲಿನ ಕೆಲಸ ಒಂದಿದೆ: ಎರಡು ವಾರ ಮನೆಯಲ್ಲಿ ಅಳೆದ ಬಿಪಿಯ ಚೀಟಿ ಕೊಡಿ. ಆಪರೇಷನ್ ದಿನದ ಗಾಬರಿಯ ಅಂಕಿಗಿಂತ ನಿಮ್ಮ ನಿತ್ಯದ ಅಂಕಿ ಅವರಿಗೆ ಉಪಯೋಗ, ಅದರ ಶೇ. 20ರೊಳಗೆ ಕಾಯುವುದು ಅವರ ಗುರಿ.

ಇನ್ನೊಂದು ಮಾತನ್ನು ಮನೆಯವರೂ ತಿಳಿದಿರಲಿ. ನೋವು ತಡೆಯಲು ಕುತ್ತಿಗೆಯ ಬುಡದಲ್ಲಿ ಇಂಜೆಕ್ಷನ್ ಕೊಟ್ಟಿದ್ದರೆ ಬಲಗೈ 12-18 ಗಂಟೆ ಮರಗಟ್ಟಿರುತ್ತದೆ, ಎತ್ತಲು ಬರುವುದಿಲ್ಲ. ಬಲಗಣ್ಣಿನ ರೆಪ್ಪೆ ಜೋಲಬಹುದು, ದನಿ ಒಡೆಯಬಹುದು. ನೋಡಿದವರಿಗೆ ಲಕ್ವ ಎನಿಸುತ್ತದೆ, ಅಲ್ಲ. ಆದರೆ ಈ ಇಂಜೆಕ್ಷನ್‌ನಿಂದ ಬಾಯಿ ಸೊಟ್ಟಗಾಗುವುದಿಲ್ಲ, ಮಾತು ತೊದಲುವುದಿಲ್ಲ, ಕಾಲು ಸೋಲುವುದಿಲ್ಲ. ಈ ಮೂರರಲ್ಲಿ ಒಂದು ಕಂಡರೂ ಕೂಡಲೇ ನರ್ಸ್‌ಗೆ ಹೇಳಿ. ಇದೇ ಇಂಜೆಕ್ಷನ್ ಆ ಪಕ್ಕದ ವಪೆಯನ್ನೂ (ಉಸಿರಾಟದ ಮುಖ್ಯ ಸ್ನಾಯು) ಕೆಲವು ಗಂಟೆ ಸುಮ್ಮನಾಗಿಸುತ್ತದೆ. ಹೊಟ್ಟೆಯ ಸುತ್ತ ಬೊಜ್ಜಿರುವವರಿಗೆ ಆಗ ಉಸಿರು ಸಾಲದಂತಾಗುತ್ತದೆ. ನಿಮ್ಮ ತೂಕಕ್ಕೆ ಕಡಿಮೆ ಪ್ರಮಾಣದ ಅಥವಾ ಬೇರೆ ಜಾಗದ ಇಂಜೆಕ್ಷನ್ ಸಾಧ್ಯವೇ ಎಂದು ಮೊದಲೇ ಕೇಳಿ.

ಪ್ರಶ್ನೆ: ಅಜ್ಜಿಗೆ 81, ತೂಕ 43 ಕೆ.ಜಿ. ಅಂಗಳದ ಪಾಚಿಯಲ್ಲಿ ಜಾರಿ ಸೊಂಟದ ಮೂಳೆ ಮುರಿದಿದೆ. ತೆಳ್ಳಗಿರುವುದರಿಂದ ಸ್ಟ್ರೋಕ್ ಭಯವಿಲ್ಲ ಅಲ್ಲವೇ? ಬಡಿತದ ತಾಳ ತಪ್ಪಿದ್ದಕ್ಕೆ ರಕ್ತ ತೆಳುವಾಗಿಸುವ ಅಪಿಕ್ಸಬಾನ್ ತೆಗೆದುಕೊಳ್ಳುತ್ತಾರೆ.
– ಓದುಗರು, ಭಾಗಮಂಡಲ

ಉತ್ತರ: ನಿಮ್ಮ ಅಜ್ಜಿಯ ಅಪಾಯ ಮೇಲಿನ ಹೆಚ್ಚಿನವರಿಗಿಂತ ಜಾಸ್ತಿ. 81ರ ವಯಸ್ಸು, ತಾಳ ತಪ್ಪಿದ ಬಡಿತ, ತುರ್ತು ಆಪರೇಷನ್ ಮೂರೂ ಕೂಡಿವೆ. ಕಡಿಮೆ ತೂಕ ಇಲ್ಲಿ ರಕ್ಷಣೆಯಲ್ಲ, ದೇಹದಲ್ಲಿ ತ್ರಾಣವಿಲ್ಲ ಎಂಬ ಸೂಚನೆ. ಹಾಗೆಂದು ಆಪರೇಷನ್ ತಪ್ಪಿಸಬೇಡಿ, ಸೊಂಟ ಮುರಿದು ಮಲಗಿದ್ದರೆ ಅಪಾಯ ಇನ್ನೂ ಹೆಚ್ಚು. ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ಆಗಬೇಕು.

ಅಪಿಕ್ಸಬಾನ್‌ನ ಕೊನೆಯ ಮಾತ್ರೆ ಯಾವ ದಿನ, ಎಷ್ಟು ಗಂಟೆಗೆ ನುಂಗಿದರು ಎಂಬುದನ್ನು ಖಚಿತವಾಗಿ ಹೇಳಿ. ಬೆನ್ನಿಗೆ ಅರಿವಳಿಕೆ ಕೊಡಬಹುದೇ ಎಂಬುದು ಅದರ ಮೇಲೇ ನಿಂತಿದೆ. ಈ ಔಷಧಿಯ ಪ್ರಮಾಣದಲ್ಲಿ ತೂಕಕ್ಕೆ ನೇರ ಪಾತ್ರವಿದೆ. 80 ವರ್ಷ ಅಥವಾ ಹೆಚ್ಚು, 60 ಕೆ.ಜಿ. ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು ಈ ಮೂರರಲ್ಲಿ ಎರಡಿದ್ದರೆ 5 ಮಿ.ಗ್ರಾಂ. ಬದಲು 2.5 ಮಿ.ಗ್ರಾಂ. ದಿನಕ್ಕೆರಡು ಸಲ. ಅಜ್ಜಿಗೆ ಮೊದಲ ಎರಡೂ ಹೊಂದುತ್ತವೆ. ಈಗ ಯಾವ ಡೋಸ್ ತೆಗೆದುಕೊಳ್ಳುತ್ತಿದ್ದಾರೆ ನೋಡಿ, ಮತ್ತೆ ಶುರು ಮಾಡುವಾಗ ವೈದ್ಯರ ಗಮನಕ್ಕೆ ತನ್ನಿ.

ಆಪರೇಷನ್ ಆದ 65 ದಾಟಿದವರಲ್ಲಿ ಹೊರಗೆ ಯಾವ ಲಕ್ಷಣವೂ ಕಾಣದ ಸಣ್ಣ ಸ್ಟ್ರೋಕ್‌ಗಳು ಶೇ. 7ರಷ್ಟು ಮಂದಿಗೆ ಆಗುತ್ತವೆ ಎಂದು 2019ರಲ್ಲಿ ಎಂಆರ್‌ಐ ಮಾಡಿ ನೋಡಿದ ಅಧ್ಯಯನವೊಂದು ತೋರಿಸಿತು. ಆಪರೇಷನ್ ನಂತರ ಅಜ್ಜಿ ಮಂಕಾಗಿದ್ದರೆ "ವಯಸ್ಸಾಯಿತು" ಎಂದು ಬಿಟ್ಟುಬಿಡಬೇಡಿ. ಕನ್ನಡಕ, ಕಿವಿಯ ಮಿಷನ್ ಕೊಡಿ, ಗುಟುಕು ಗುಟುಕಾಗಿ ನೀರು ಕುಡಿಸಿ, ಬದಲಾವಣೆಯನ್ನು ವೈದ್ಯರಿಗೆ ಹೇಳಿ.

ಪ್ರಶ್ನೆ: ಆಪರೇಷನ್‌ಗೆ ಮೊದಲು ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ತೊಂದರೆಯೇ? ಮತ್ತೆ, ಬೆಳಿಗ್ಗೆ ಕಾಫಿ ಕುಡಿಯದೆ ತಲೆನೋವು ಬರುತ್ತದೆ, ಕುಡಿಯಬಹುದೇ?
– ಓದುಗರು, ಸಿದ್ದಾಪುರ

ಉತ್ತರ: ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಈ ವಾರದ ಇಂಜೆಕ್ಷನ್‌ಗಳು ಹೊಟ್ಟೆಯನ್ನು ನಿಧಾನಕ್ಕೆ ಖಾಲಿ ಮಾಡಿಸುತ್ತವೆ. ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದು, ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಹೋಗಬಹುದು. ಕೊನೆಯ ಇಂಜೆಕ್ಷನ್ ಯಾವತ್ತು, ಎಷ್ಟು ಡೋಸ್, ವಾಕರಿಕೆ ಇದೆಯೇ ಎಂದು ಹೇಳಿ. ಒಂದು ವಾರ ಬಿಡುವುದೋ, ಹಿಂದಿನ 24 ಗಂಟೆ ಬರೀ ದ್ರವಾಹಾರವೋ ಅವರು ನಿರ್ಧರಿಸುತ್ತಾರೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಯಿದ್ದರೆ ಅದನ್ನು 3 ದಿನ ಮೊದಲೇ ನಿಲ್ಲಿಸುತ್ತಾರೆ.

ಇಂಥ ಇಂಜೆಕ್ಷನ್ ಇಲ್ಲದವರಿಗೆ ನಿಯಮ ಸರಳ: ಕರಿದದ್ದು, ಮಾಂಸದೂಟಕ್ಕೆ 8 ಗಂಟೆ, ಹಗುರ ಆಹಾರ ಮತ್ತು ಹಾಲು ಹಾಕಿದ ಕಾಫಿಗೆ 6 ಗಂಟೆ, ನೀರು ಮತ್ತು ಹಾಲಿಲ್ಲದ ಕಪ್ಪು ಕಾಫಿಗೆ 2 ಗಂಟೆ. ಶುಗರ್ ಕಾಯಿಲೆ ಇಲ್ಲದಿದ್ದರೆ ನಮ್ಮ ಕಡೆಯ ಬೆಲ್ಲದ ಕಪ್ಪು ಕಾಫಿಯೂ ಆದೀತು, ಚೆನ್ನಾಗಿ ಸೋಸಿರಲಿ. "ರಾತ್ರಿಯಿಂದ ನೀರೂ ಮುಟ್ಟಬೇಡಿ" ಎನ್ನುವ ಹಳೆಯ ಕಟ್ಟಳೆ ಒಳ್ಳೆಯದಲ್ಲ. ಹನ್ನೆರಡು ಗಂಟೆ ನೀರಿಲ್ಲದೆ ಬಂದವರಿಗೆ ಅರಿವಳಿಕೆ ಕೊಟ್ಟೊಡನೆ ಬಿಪಿ ಕುಸಿಯುವುದು ಹೆಚ್ಚು. ನಿಮ್ಮ ವಿಷಯದಲ್ಲಿ ಇಂಜೆಕ್ಷನ್‌ನ ಕಾರಣ ಈ ಗಂಟೆಗಳು ಬದಲಾಗಬಹುದು, ಕೇಳಿಯೇ ಕುಡಿಯಿರಿ.

ಪ್ರಶ್ನೆ: ಮಂಗಳೂರಿನಲ್ಲಿ ಆಪರೇಷನ್ ಮುಗಿಸಿ ಅಪ್ಪನನ್ನು ಐದನೇ ದಿನ ಮನೆಗೆ ಕರೆತರುತ್ತೇವೆ. ಮನೆ ಮಡಿಕೇರಿಯಿಂದ ಒಳಗೆ, ಮಳೆಗಾಲ. ಮನೆಯಲ್ಲಿ ಸ್ಟ್ರೋಕ್ ಆದರೆ ಏನು ಮಾಡುವುದು?
– ಓದುಗರು, ಮಡಿಕೇರಿ

ಉತ್ತರ: ಸ್ಟ್ರೋಕ್‌ನ ಲಕ್ಷಣಗಳು ಇವು: ಬಾಯಿ ಒಂದು ಪಕ್ಕಕ್ಕೆ ಎಳೆಯುವುದು, ಎರಡೂ ಕೈ ಎತ್ತಿಸಿದಾಗ ಒಂದು ಕೆಳಗೆ ಜಾರುವುದು, ಮಾತು ತೊದಲುವುದು ಅಥವಾ ಅರ್ಥವಾಗದಿರುವುದು, ತಟ್ಟನೆ ದೃಷ್ಟಿ ಮಸುಕಾಗುವುದು, ನಿಂತಲ್ಲೇ ವಾಲುವುದು. ಒಂದು ಕಂಡರೂ ಸಾಕು. ಅಪ್ಪ ಕೊನೆಯ ಸಲ ಸರಿಯಾಗಿದ್ದ ಗಂಟೆಯನ್ನು ಬರೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಎದ್ದಾಗ ಕಂಡರೆ ಲೆಕ್ಕ ರಾತ್ರಿ ಮಲಗಿದ ಹೊತ್ತಿನಿಂದ ಶುರುವಾಗುತ್ತದೆ. 108ಕ್ಕೆ ಕರೆ ಮಾಡುತ್ತಲೇ ಶುಗರ್ ಪರೀಕ್ಷಿಸಿ, 60ಕ್ಕಿಂತ ಇಳಿದ ಸಕ್ಕರೆಯೂ ಸ್ಟ್ರೋಕ್‌ನಂತೆಯೇ ಕಾಣುತ್ತದೆ. ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಹೋದೀತು. ಆಸ್ಪಿರಿನ್ ಕೂಡ ಬೇಡ, ಸಿಟಿ ಸ್ಕ್ಯಾನ್ ಆಗುವವರೆಗೆ ಅದು ಹೆಪ್ಪೋ ರಕ್ತಸ್ರಾವವೋ ಯಾರಿಗೂ ತಿಳಿಯದು. ಬಿಪಿ ಹೆಚ್ಚಿದೆ ಎಂದು ನಾಲಿಗೆ ಕೆಳಗೆ ಮಾತ್ರೆ ಇಡುವುದು ಇನ್ನೂ ಕೆಟ್ಟದ್ದು.

ಆಪರೇಷನ್ ಆದವರಲ್ಲಿ ಒಂದು ವ್ಯತ್ಯಾಸವಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ದೊಡ್ಡ ಆಪರೇಷನ್ ಆಗಿ 14 ದಿನ ಕಳೆದಿಲ್ಲದಿದ್ದರೆ ಗಾಯದಿಂದ ರಕ್ತ ಸುರಿಯುವ ಭಯಕ್ಕೆ ಅದನ್ನು ಹೆಚ್ಚಿನವರಿಗೆ ಕೊಡುವುದಿಲ್ಲ. ಆಗ ಉಳಿಯುವುದು ತೊಡೆಸಂದಿನಿಂದ ತೂರುನಳಿಗೆ ಹಾಯಿಸಿ ದೊಡ್ಡ ನಾಳದ ಹೆಪ್ಪನ್ನು ಎಳೆದು ತೆಗೆಯುವ ಥ್ರಾಂಬೆಕ್ಟಮಿ. 6 ಗಂಟೆಯೊಳಗೆ ಆದರೆ ಉತ್ತಮ, ಸ್ಕ್ಯಾನ್ ನೋಡಿ ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಆದ್ದರಿಂದ ಮಂಗಳೂರಿನಿಂದ ಹೊರಡುವ ಮೊದಲೇ ಮೂರು ವಿಷಯ ಕೇಳಿ ಇಟ್ಟುಕೊಳ್ಳಿ: ಮನೆಗೆ ಹತ್ತಿರದಲ್ಲಿ ರಾತ್ರಿಯೂ ಸಿಟಿ ಸ್ಕ್ಯಾನ್ ಎಲ್ಲಿ ನಡೆಯುತ್ತದೆ, ಥ್ರಾಂಬೆಕ್ಟಮಿ ಮಾಡುವ ಆಸ್ಪತ್ರೆ ಮಂಗಳೂರಿನಲ್ಲಿ ಯಾವುದು, ಮೈಸೂರಿನಲ್ಲಿ ಯಾವುದು. ಎರಡೂ ಊರಿನದ್ದು ಏಕೆಂದರೆ, 2018ರ ಆಗಸ್ಟ್‌ನಲ್ಲಿ ಆದಂತೆ ಗುಡ್ಡ ಕುಸಿದು ಸಂಪಾಜೆ ಘಾಟಿ ಮುಚ್ಚಿದರೆ ಮೈಸೂರಿನ ಕಡೆಗೇ ಇಳಿಯಬೇಕು. ಎರಡೂ ಕಡೆಗೆ ದಾರಿ ನೂರು ಕಿ.ಮೀ.ಗಿಂತ ಹೆಚ್ಚು. ಮೊದಲ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗುತ್ತಿರುವಾಗಲೇ ಮುಂದಿನ ಆಸ್ಪತ್ರೆಗೆ ಫೋನ್ ಹೋಗಿರಬೇಕು.

ಅಪ್ಪನ ತೂಕ ಹೆಚ್ಚಿದ್ದರೆ ಕಾಲಿನ ನಾಳದ ಹೆಪ್ಪಿನ ಕಡೆಗೂ ಕಣ್ಣಿಡಿ. ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದ ಬಂದ ಸಣ್ಣ ಕಿಂಡಿ ಮುಚ್ಚದೆ ಉಳಿದಿರುತ್ತದೆ. ಕಾಲಿನ ಹೆಪ್ಪು ಆ ಕಿಂಡಿಯಿಂದ ದಾಟಿ ಮಿದುಳನ್ನು ಸೇರಬಹುದು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಬೇಡಿ, ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಹೆಪ್ಪು ತಡೆಯುವ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನವೂ ಕೊಡಿಸಿ, ಗಾಯ ಒಣಗಿತೆಂದು ನಡುವೆ ಬಿಡಬೇಡಿ. ಮಂಗಳೂರಿನಿಂದ ಬರುವಾಗ ಸುಳ್ಯದಲ್ಲೊಮ್ಮೆ, ಸಂಪಾಜೆಯಲ್ಲೊಮ್ಮೆ ಗಾಡಿ ನಿಲ್ಲಿಸಿ ಅಪ್ಪನನ್ನು ಇಳಿಸಿ ನಾಲ್ಕು ಹೆಜ್ಜೆ ನಡೆಸಿ, ಕೂತಿರುವಾಗ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯದೆ ಕೂರುತ್ತಾರೆ, ಬಾಟಲಿ ಕೈಗೇ ಕೊಡಿ.